ಇಂದಿನ ಧಮ್ಮ ಚಿಂತನೆ: ರೋಗಿಯ ಐದು ಗುಣ, ಆರೈಕೆಯ ಐದು ಗುಣ





ನಮ್ಮ ಅಧ್ಯಯನ ಬಳಗದ ಸೋದರಿಯೊಬ್ಬರು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈಗ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾರೆ. ಅವರು ಕಳಿಸಿದ ಪ್ರಶ್ನೆಯನ್ನು ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ಕೊಡುತ್ತಿದ್ದೇವೆ:

“ಇಷ್ಟು ವರ್ಷ ಧಮ್ಮ ಓದಿದವಳು ನಾನು. ಬಾಯಿ ಕಟ್ಟಿ ತೂಕ ಇಳಿಸಲಾಗದೆ ಕೊನೆಗೆ ಹೊಟ್ಟೆಯನ್ನೇ ಕತ್ತರಿಸಿಕೊಂಡೆ. ಇದು ಸೋಲಲ್ಲವೇ? ನೋಡಲು ಬಂದವರು ‘ಸುಲಭದ ದಾರಿ ಹಿಡಿದೆ ಬಿಡು’ ಅನ್ನುತ್ತಾರೆ. ಒಂದು ಸಣ್ಣ ಬಟ್ಟಲು ಬೇಳೆ ಕಟ್ಟು ಕುಡಿಯಲು ಅರ್ಧ ಗಂಟೆ ಹಿಡಿಯುತ್ತದೆ. ರಾತ್ರಿ ಹೊತ್ತು ಸುಮ್ಮಸುಮ್ಮನೆ ಅಳು ಬರುತ್ತದೆ. ಇದಕ್ಕೆ ಧಮ್ಮ ಏನು ಹೇಳುತ್ತದೆ?”

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಇಂಥ ಚಿಕಿತ್ಸೆ ಮಾಡಿಸಿಕೊಂಡು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡವರು ನಮ್ಮ ನಡುವೆ ಇದ್ದಾರೆ. ಆದ್ದರಿಂದ ಇಂದಿನ ಚಿಂತನೆಯನ್ನು ಇದಕ್ಕೇ ಮೀಸಲಿಡೋಣ.

*ಕೋಸಲದ ಅರಸ ಒಬ್ಬನೇ ಗೆಲ್ಲಲಿಲ್ಲ*

ಸಂಯುತ್ತ ನಿಕಾಯದಲ್ಲಿ ದೋಣಪಾಕ ಸುತ್ತ ಎಂಬ ಚಿಕ್ಕ ಸುತ್ತವಿದೆ. ಕೋಸಲದ ಅರಸ ಪಸೇನದಿಗೆ ದ್ರೋಣದ ಅಳತೆಯ ಅನ್ನ ಉಣ್ಣುವ ರೂಢಿ. ಒಂದು ದಿನ ಹಾಗೆ ಉಂಡು, ಏದುಸಿರು ಬಿಡುತ್ತಾ ಭಗವಾನರ ಬಳಿ ಬಂದು ಕುಳಿತ. ಭಗವಾನರು ಅವನನ್ನು ಬೈಯಲಿಲ್ಲ, ಹಂಗಿಸಲಿಲ್ಲ. ಎಚ್ಚರವಿಟ್ಟು, ಅಳತೆ ತಿಳಿದು ಉಣ್ಣುವುದರಿಂದ ಏನು ಲಾಭ ಎಂಬುದನ್ನು ಒಂದು ಪುಟ್ಟ ಗಾಥೆಯಲ್ಲಿ ಹೇಳಿದರು.

ಆಮೇಲೆ ಅರಸ ಮಾಡಿದ್ದನ್ನು ಗಮನಿಸಿ. “ಇನ್ನು ಮೇಲೆ ನಾನೇ ನಿಗ್ರಹ ಮಾಡಿಕೊಳ್ಳುತ್ತೇನೆ” ಎಂದು ಅವನು ಶಪಥ ಮಾಡಲಿಲ್ಲ. ಹಿಂದೆ ನಿಂತಿದ್ದ ಸುದಸ್ಸನ ಎಂಬ ತರುಣನನ್ನು ಕರೆದು, ಈ ಗಾಥೆಯನ್ನು ಬಾಯಿಪಾಠ ಮಾಡಿಕೊಂಡು ತಾನು ಊಟಕ್ಕೆ ಕುಳಿತಾಗಲೆಲ್ಲ ಹೇಳಬೇಕು, ಅದಕ್ಕೆ ದಿನವೂ ನೂರು ಕಹಾಪಣ ಕೊಡುತ್ತೇನೆ ಎಂದ. ದಿನ ಕಳೆದಂತೆ ಅವನ ಊಟ ನಾಳಿ ಎಂಬ ಸಣ್ಣ ಅಳತೆಗೆ ಇಳಿಯಿತು, ಮೈ ಹಗುರಾಯಿತು. ಅರಸ ತನ್ನ ಮೈಯನ್ನು ಕೈಯಿಂದ ಸವರಿಕೊಂಡು, ಭಗವಾನರು ತನಗೆ ಇಹಕ್ಕೂ ಪರಕ್ಕೂ ಕರುಣೆ ತೋರಿದರೆಂದು ಸಂತೋಷಪಟ್ಟ.

ರಾಜ್ಯವನ್ನೇ ಆಳುತ್ತಿದ್ದವನಿಗೆ ತನ್ನ ತಟ್ಟೆಯ ಮುಂದೆ ಇನ್ನೊಬ್ಬರ ಸಹಾಯ ಬೇಕಾಯಿತು. ಅವನು ಅದನ್ನು ಕೇಳಿ ಪಡೆದ. ಸುತ್ತದಲ್ಲಿ ಎಲ್ಲಿಯೂ ಇದು ಅವನ ಸೋಲು ಎಂದು ಹೇಳಿಲ್ಲ. ಅರಸ ಸುದಸ್ಸನನ ಸಹಾಯ ಪಡೆದ ಹಾಗೆ ನೀವು ವೈದ್ಯರ ಸಹಾಯ ಪಡೆದಿರಿ. ಸುದಸ್ಸನ ಗಾಥೆ ಹೇಳಬಲ್ಲವನಾಗಿದ್ದನೇ ಹೊರತು, ತುತ್ತು ಎತ್ತುವ ಕೈ ಅರಸನದೇ ಆಗಿತ್ತು. ಶಸ್ತ್ರಚಿಕಿತ್ಸೆಯೂ ಅಷ್ಟೇ. ಅದು ದಾರಿಯ ಅರ್ಧ, ಉಳಿದರ್ಧ ನೀವು ಈಗ ಮನೆಯಲ್ಲಿ ಕುಳಿತು ನಡೆಯುತ್ತಿರುವುದು. ಇದರಲ್ಲಿ ಸುಲಭದ್ದು ಏನೂ ಇಲ್ಲ.

*“ಎಲ್ಲ ಕರ್ಮ” ಅನ್ನುವವರಿಗೆ*

ಮೋಳಿಯಸೀವಕ ಎಂಬ ಪರಿವ್ರಾಜಕ ಭಗವಾನರನ್ನು ಕೇಳಿದ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ? ಭಗವಾನರು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುವಿನ ಬದಲಾವಣೆ, ದೇಹಕ್ಕೆ ಹೊಂದದ ನಡವಳಿಕೆ, ಹೊರಗಿನ ಪೆಟ್ಟು ಎಂದು ಏಳು ಕಾರಣಗಳನ್ನು ಎಣಿಸಿ, ಕರ್ಮಫಲವನ್ನು ಎಂಟನೆಯದಾಗಿ ಮಾತ್ರ ಸೇರಿಸಿದರು.

ಸ್ಥೂಲಕಾಯವೂ ಹೀಗೆ ಹಲವು ಕಾರಣಗಳು ಕೂಡಿ ಬರುವ ಕಾಯಿಲೆ. ವಂಶವಾಹಿ, ಹಾರ್ಮೋನು, ನಿದ್ದೆ, ಕೆಲವು ಔಷಧಿಗಳು, ಕೂತು ಮಾಡುವ ಕೆಲಸ, ಮನಸ್ಸಿನ ಒತ್ತಡ ಎಲ್ಲವೂ ಅದರಲ್ಲಿ ಸೇರಿವೆ. ಹಸಿವನ್ನು ಎಬ್ಬಿಸುವ ಘ್ರೆಲಿನ್ ಎಂಬ ಹಾರ್ಮೋನು ಬಹುಪಾಲು ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟುತ್ತದೆ. ಪಥ್ಯ ಮಾಡಿ ತೂಕ ಇಳಿಸಿದವರಲ್ಲಿ ಅದು ಹೆಚ್ಚಾಗಿ, ಇಳಿದ ತೂಕವನ್ನು ಮತ್ತೆ ಏರಿಸಲು ನೋಡುತ್ತದೆ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಶೇ 75ರಿಂದ 80ರಷ್ಟನ್ನು ತೆಗೆಯುತ್ತಾರೆ. ಆ ಮೇಲ್ಭಾಗವೂ ಹೋಗುವುದರಿಂದ ಹಸಿವು ತಗ್ಗುತ್ತದೆ. ಇದನ್ನು ತಿಳಿದ ಮೇಲೆ “ಬಾಯಿ ಚಪಲ” ಎಂದು ಒಬ್ಬರನ್ನು ಹಂಗಿಸುವುದು ಅಜ್ಞಾನ. ತನ್ನನ್ನು ತಾನೇ ಹಂಗಿಸಿಕೊಳ್ಳುವುದೂ ಅಷ್ಟೇ ಅಜ್ಞಾನ.

*ರೋಗಿಯ ಐದು ಗುಣ*

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆ ಕೆಟ್ಟು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಭಗವಾನರು ನೋಡಿದರು. ಯಾರೂ ಅವನನ್ನು ನೋಡಿಕೊಳ್ಳುತ್ತಿರಲಿಲ್ಲ. ಆನಂದರು ನೀರು ತಂದರು, ಭಗವಾನರು ನೀರು ಹೊಯ್ದರು, ಆನಂದರು ಮೈ ತೊಳೆದರು. ಒಬ್ಬರು ತಲೆಯ ಕಡೆ, ಇನ್ನೊಬ್ಬರು ಕಾಲಿನ ಕಡೆ ಹಿಡಿದು ಅವನನ್ನು ಮಂಚದ ಮೇಲೆ ಮಲಗಿಸಿದರು. ಬಳಿಕ ಸಂಘವನ್ನು ಸೇರಿಸಿ, ತಮ್ಮ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದರು. ಅದೇ ಸಂದರ್ಭದಲ್ಲಿ, ನೋಡಿಕೊಳ್ಳಲು ಸುಲಭನಾದ ರೋಗಿಯಲ್ಲಿ ಇರಬೇಕಾದ ಐದು ಗುಣಗಳನ್ನು ಹೇಳಿದರು. ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ಸಿಗದು.

*1. ಹಿತವಾದದ್ದನ್ನು ಮಾಡುವುದು.* ಮೊದಲ ದಿನಗಳಲ್ಲಿ ತಿಳಿ ದ್ರವ, ಆಮೇಲೆ ಸ್ವಲ್ಪ ಗಟ್ಟಿ ದ್ರವ, ಬಳಿಕ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು, ಅದಾದ ಮೇಲೆ ಮೆತ್ತನೆಯದು, ಕೊನೆಗೆ ಸಾಮಾನ್ಯ ಊಟ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಲು ಕೆಲವು ವಾರಗಳೇ ಬೇಕು. ಒಳಗೆ ಹೊಲಿಗೆ ಮಾಯಬೇಕಾದ ಕಾಲ ಅದು. ಹೊರಗೆ ಕಾಣುವುದು ನಾಲ್ಕೈದು ಸಣ್ಣ ಗಾಯದ ಗುರುತುಗಳು ಮಾತ್ರ. ಅದನ್ನು ನೋಡಿ ಒಳಗೂ ಮಾಯ್ದಿದೆ ಎಂದುಕೊಳ್ಳಬಾರದು. ಭಾರ ಎತ್ತಬಾರದು. ಆದರೆ ಮಲಗಿಯೇ ಇರಬಾರದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಮನೆಯೊಳಗೇ ಆಗಾಗ ಓಡಾಡಬೇಕು. ಚಂಕ್ರಮಣ ಧ್ಯಾನ ಬಲ್ಲವರಿಗೆ ಇದೊಂದು ಒಳ್ಳೆಯ ಅವಕಾಶ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ, ಹೆಜ್ಜೆ ಎತ್ತಿದ್ದು, ಮುಂದಿಟ್ಟದ್ದು, ಊರಿದ್ದು ತಿಳಿಯುತ್ತಾ ನಡೆಯಿರಿ.

*2. ಹಿತವಾದದ್ದರಲ್ಲೂ ಅಳತೆ ಬಲ್ಲವರಾಗುವುದು.* ಪಾಲಿಯಲ್ಲಿ ಇದಕ್ಕೆ ಮತ್ತಞ್ಞುತಾ ಎನ್ನುತ್ತಾರೆ, ಮಾತ್ರೆಯನ್ನು ಅರಿಯುವುದು. ಕನ್ನಡದಲ್ಲಿ ಮಾತ್ರೆ ಎಂದರೆ ಅಳತೆಯೂ ಹೌದು, ಔಷಧಿಯೂ ಹೌದು. ಈಗ ನಿಮ್ಮ ಪಾಲಿಗೆ ಊಟದ ಅಳತೆಯೇ ಔಷಧಿ. ಸಣ್ಣ ಚಮಚ, ಸಣ್ಣ ಬಟ್ಟಲು, ಚೆನ್ನಾಗಿ ಅಗಿಯುವುದು, ಎದೆಯ ಕೆಳಗೆ ಸ್ವಲ್ಪ ಬಿಗಿದಂತೆ ಅನಿಸಿದ ಕೂಡಲೇ ನಿಲ್ಲಿಸುವುದು. ನಮ್ಮ ಮಂಡ್ಯ, ಹಾಸನದ ಕಡೆಯವರಿಗೆ ಒಂದು ಮಾತು: ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಆ ಅಭ್ಯಾಸ ಈ ಹೊಸ ಹೊಟ್ಟೆಗೆ ಹೊಂದದು. ಆಹಾರ ತಜ್ಞರನ್ನು ಕೇಳದೆ ಮುದ್ದೆಗೆ ಕೈ ಹಾಕಬೇಡಿ.

ಹೊಟ್ಟೆ ತುಂಬಲು ಇನ್ನೂ ನಾಲ್ಕೈದು ತುತ್ತು ಬಾಕಿ ಇರುವಾಗಲೇ ನಿಲ್ಲಿಸಿ ನೀರು ಕುಡಿಯಬೇಕೆಂಬ ಮಾತು ಥೇರಗಾಥೆಯಲ್ಲಿ ಸಾರಿಪುತ್ತ ಥೇರರ ಹೆಸರಿನಲ್ಲಿದೆ. ಅದರ ಮೊದಲರ್ಧ ನಿಮಗೆ ಪೂರ್ತಿ ಅನ್ವಯ. ನೀರಿನ ಭಾಗವನ್ನು ಮಾತ್ರ ನಿಮ್ಮ ವೈದ್ಯರು ಹೇಳಿದಂತೆ ಬದಲಿಸಿಕೊಳ್ಳಿ. ಈ ಚಿಕಿತ್ಸೆಯ ನಂತರ ಊಟದ ಜೊತೆಗೆ ನೀರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆಯಾದರೂ ಕಾಯಬೇಕು ಎಂದು ಹೇಳುತ್ತಾರೆ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತಲೇ ಇರಬೇಕು. ಧಮ್ಮದ ಮಾತನ್ನು ಅದರ ಉದ್ದೇಶ ಅರಿತು ಪಾಲಿಸಬೇಕು.

ಅಳತೆ ಎಂದರೆ ಕಡಿಮೆ ಎಂದಷ್ಟೇ ಅರ್ಥವಲ್ಲ. ಕೆಲವರು ತೂಕ ಬೇಗ ಇಳಿಯಲೆಂದು ಹೇಳಿದಷ್ಟನ್ನೂ ತಿನ್ನುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ 60 ಗ್ರಾಮಿಗಿಂತ ಕಡಿಮೆಯಾಗದಂತೆ ಪ್ರೋಟೀನ್ ಬೇಕೆನ್ನುತ್ತಾರೆ. ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಉಪವಾಸದಿಂದ ಮೈ ಒಣಗಿಸಿಕೊಂಡಿದ್ದ ಸಿದ್ಧಾರ್ಥ ಸುಜಾತೆಯ ಪಾಯಸ ಸ್ವೀಕರಿಸಿದ್ದನ್ನು ನೆನೆಯಿರಿ. ಮಧ್ಯಮ ಮಾರ್ಗಕ್ಕೆ ಎರಡು ಬದಿಯಲ್ಲೂ ಹಳ್ಳವಿದೆ.

*3. ಔಷಧಿ ತೆಗೆದುಕೊಳ್ಳುವುದು.* ಗಾಯ ಮಾಯ್ದ ಮೇಲೂ ಇದು ಮುಗಿಯುವುದಿಲ್ಲ. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಬಿ12 ಇವನ್ನು ಬಹುತೇಕ ಜೀವನಪೂರ್ತಿ ತೆಗೆದುಕೊಳ್ಳಬೇಕು, ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ ಹಳೆಯ ಪ್ರಮಾಣದ ಔಷಧಿ ಈಗ ಹೆಚ್ಚಾಗಬಹುದು, ವೈದ್ಯರನ್ನು ಕೇಳಿ ಬದಲಿಸಿಕೊಳ್ಳಿ. ಮೈಕೈ ನೋವಿಗೆಂದು ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಬೇಡಿ, ಕೆಲವು ನೋವಿನ ಮಾತ್ರೆಗಳು ಈ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಮದ್ಯ ಈಗ ಮೊದಲಿಗಿಂತ ಬೇಗ ರಕ್ತಕ್ಕೆ ಸೇರಿ ತಲೆಗೇರುತ್ತದೆ. ಐದನೆಯ ಶೀಲ ಪಾಲಿಸುವವರಿಗೆ ಆ ಅಪಾಯವೇ ಇಲ್ಲ.

“ದೇಹ ಅನಿತ್ಯ, ಅಶುಭ ಎಂದು ಓದಿದ ಮೇಲೆ ಅದಕ್ಕೆ ಇಷ್ಟೊಂದು ಉಪಚಾರ ಯಾಕೆ?” ಎಂದು ಕೆಲವರಿಗೆ ಅನಿಸಬಹುದು. ಮಿಲಿಂದ ರಾಜನೂ ನಾಗಸೇನರನ್ನು ಇದನ್ನೇ ಕೇಳಿದ. ನಾಗಸೇನರು ತಿರುಗಿ ಕೇಳಿದರು: ಯುದ್ಧದಲ್ಲಿ ಬಾಣ ತಗುಲಿದಾಗ ಗಾಯಕ್ಕೆ ಮುಲಾಮು, ಎಣ್ಣೆ ಹಚ್ಚಿ, ಮೆತ್ತನೆಯ ಬಟ್ಟೆ ಕಟ್ಟಿದೆಯಲ್ಲ, ಆ ಗಾಯದ ಮೇಲೆ ನಿನಗೆ ಪ್ರೀತಿ ಇತ್ತೇ? ಇಲ್ಲ, ಮಾಂಸ ಕೂಡಿಕೊಳ್ಳಲಿ ಎಂದು ಕಟ್ಟಿದೆ ಎಂದ ರಾಜ. ದೇಹವನ್ನು ನಾವು ನೋಡಿಕೊಳ್ಳುವುದೂ ಹಾಗೆಯೇ. ಅದಕ್ಕೆ ಅಂಟಿಕೊಳ್ಳದೆಯೂ ಅದನ್ನು ಚೆನ್ನಾಗಿ ಕಾಪಾಡಬಹುದು.

*4. ಇದ್ದದ್ದನ್ನು ಇದ್ದಂತೆ ಹೇಳುವುದು.* ಹೆಚ್ಚಾದರೆ ಹೆಚ್ಚಾಗಿದೆ, ಕಡಿಮೆಯಾದರೆ ಕಡಿಮೆಯಾಗಿದೆ, ಹಾಗೇ ಇದ್ದರೆ ಹಾಗೇ ಇದೆ ಎಂದು ನೋಡಿಕೊಳ್ಳುವವರಿಗೆ ತಿಳಿಸಬೇಕು. ಸತ್ಯದ ಶೀಲ ಆಸ್ಪತ್ರೆಯ ಕಡತಕ್ಕೂ ಅನ್ವಯಿಸುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ತಿಂದು ವಾಂತಿಯಾಗಿದ್ದರೆ ಅದನ್ನೂ ಹೇಳಿ. ಜ್ವರ, ಎದೆ ಡವಗುಟ್ಟುವುದು, ಉಸಿರು ಕಟ್ಟುವುದು, ಹೊಟ್ಟೆಯಲ್ಲಿ ಅಥವಾ ಹೆಗಲಿನಲ್ಲಿ ಜೋರು ನೋವು, ಮೀನಖಂಡ ಊದಿ ನೋಯುವುದು, ನೀರೂ ನಿಲ್ಲದಂತೆ ವಾಂತಿ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಆಸ್ಪತ್ರೆಗೆ ತಿಳಿಸಿ. “ಪಾಪ, ಮನೆಯವರ ನಿದ್ದೆ ಯಾಕೆ ಕೆಡಿಸುವುದು” ಎಂಬ ಸಂಕೋಚ ಇಲ್ಲಿ ದಯೆಯಲ್ಲ.

ಮನಸ್ಸಿನದ್ದನ್ನೂ ಹೀಗೆಯೇ ಹೇಳಬೇಕು. ರಾತ್ರಿಯ ಅಳು ನಾಚಿಕೆಪಡುವಂಥದ್ದಲ್ಲ. ಇಷ್ಟು ವರ್ಷ ದುಃಖಕ್ಕೆ, ಬೇಸರಕ್ಕೆ, ದಣಿವಿಗೆ ಊಟವೇ ಸಂಗಾತಿಯಾಗಿದ್ದರೆ, ಆ ಸಂಗಾತಿ ಒಮ್ಮೆಗೇ ದೂರವಾಗಿದೆ. ಅಳು ವಾರಗಟ್ಟಲೆ ನಿಲ್ಲದಿದ್ದರೆ, ಬದುಕು ಬೇಡ ಎನಿಸಿದರೆ, ಅದನ್ನೂ ಮನೆಯವರಿಗೂ ವೈದ್ಯರಿಗೂ ಹೇಳಲೇಬೇಕು.

*5. ನೋವನ್ನು ತಾಳಿಕೊಳ್ಳುವುದು.* ಭಗವಾನರು ತಾಳ್ಮೆಯನ್ನು ಐದನೆಯದಾಗಿ ಹೇಳಿದ್ದಾರೆ, ಸತ್ಯ ಹೇಳುವುದನ್ನು ಅದಕ್ಕೂ ಮೊದಲು. ತಾಳ್ಮೆಯ ಹೆಸರಿನಲ್ಲಿ ನೋವನ್ನು ಮುಚ್ಚಿಡಲು ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಹೇಳಬೇಕಾದ್ದನ್ನು ಹೇಳಿ, ಮಾಡಬೇಕಾದ್ದನ್ನು ಮಾಡಿದ ಮೇಲೂ ಉಳಿಯುವ ನೋವನ್ನು ತಾಳಬೇಕು. ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರಲು ಶುರುವಾಗಬಹುದು, ಸಾಮಾನ್ಯವಾಗಿ ಅದು ಮತ್ತೆ ಬರುತ್ತದೆ. ತೂಕದ ಯಂತ್ರದ ಮುಳ್ಳು ಒಂದೆರಡು ವಾರ ಅಲುಗದೆ ನಿಂತುಬಿಡಬಹುದು. ಇದೆಲ್ಲ ಮೊದಲ ಬಾಣ. “ನನ್ನ ಹಣೆಬರಹವೇ ಇಷ್ಟು, ಇದೂ ಫಲಿಸಲಿಲ್ಲ” ಎಂದು ಕೊರಗುವುದು ಎರಡನೆಯ ಬಾಣ. ಮೊದಲನೆಯದು ದೇಹಕ್ಕೆ ತಗುಲುತ್ತದೆ, ಎರಡನೆಯದನ್ನು ನಾವೇ ಹೊಡೆದುಕೊಳ್ಳುತ್ತೇವೆ ಎಂಬುದು ಸಲ್ಲತ್ಥ ಸುತ್ತದ ಪಾಠ.

*ತಣ್ಹೆ ಹೊಟ್ಟೆಯಲ್ಲಿ ಇರಲಿಲ್ಲ*

ಹೊಟ್ಟೆ ಚಿಕ್ಕದಾಗಿದೆ, ಹಸಿವು ತಗ್ಗಿದೆ. ಆದರೂ ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬಂದಾಗ ಮನಸ್ಸು ಎದ್ದು ಕೂರುತ್ತದೆ. ಯಾಕೆಂದರೆ ವೈದ್ಯರು ತೆಗೆದದ್ದು ಹೊಟ್ಟೆಯ ಭಾಗವನ್ನು. ತಣ್ಹೆಯನ್ನು ತೆಗೆಯುವ ಕತ್ತರಿ ಯಾವ ಆಸ್ಪತ್ರೆಯಲ್ಲೂ ಇಲ್ಲ. ಐಸ್‌ಕ್ರೀಮು, ಸಿಹಿ ಪಾನಕದಂಥವು ಚಿಕ್ಕ ಹೊಟ್ಟೆಯಲ್ಲೂ ಸಲೀಸಾಗಿ ಇಳಿದುಹೋಗುತ್ತವೆ. ತೂಕ ಮತ್ತೆ ಏರುವ ದಾರಿಗಳಲ್ಲಿ ಅದೂ ಒಂದು. ಬೈಪಾಸ್ ಆದವರಿಗಂತೂ ಸಿಹಿ ತಿಂದ ಸ್ವಲ್ಪ ಹೊತ್ತಿಗೆ ಬೆವರು, ತಲೆಸುತ್ತು, ಎದೆಬಡಿತ ಬರಬಹುದು.

ಪಟಿಚ್ಚಸಮುಪ್ಪಾದದಲ್ಲಿ ನಾವು ಓದಿದ್ದೇವೆ: ಸ್ಪರ್ಶದಿಂದ ವೇದನೆ, ವೇದನೆಯಿಂದ ತಣ್ಹೆ. ವೇದನೆಗೂ ತಣ್ಹೆಗೂ ನಡುವೆ ಒಂದು ಸಣ್ಣ ಸಂದು ಇದೆ. ಸಾಮಾನ್ಯವಾಗಿ ಅದು ನಮಗೆ ಕಾಣುವುದೇ ಇಲ್ಲ, ಅಷ್ಟರಲ್ಲಿ ಕೈ ಡಬ್ಬಿಯೊಳಗೆ ಹೋಗಿರುತ್ತದೆ. ಚಿಕಿತ್ಸೆಯಿಂದ ಹಸಿವಿನ ಗದ್ದಲ ತಗ್ಗಿರುವ ಈ ತಿಂಗಳುಗಳಲ್ಲಿ ಆ ಸಂದು ಸ್ವಲ್ಪ ಅಗಲವಾಗಿದೆ. ಇದನ್ನು ವ್ಯರ್ಥ ಮಾಡಿಕೊಳ್ಳಬೇಡಿ. ಬೇಕು ಎನಿಸಿದಾಗ ಮೂರು ಉಸಿರಿನಷ್ಟು ಹೊತ್ತು ನಿಂತು ಕೇಳಿಕೊಳ್ಳಿ: ಇದು ಹೊಟ್ಟೆಯ ಹಸಿವೇ, ನಾಲಿಗೆಯ ಆಸೆಯೇ, ಮನಸ್ಸಿನ ನೋವೇ? ಉತ್ತರ ಮೂರನೆಯದಾದರೆ ಅದಕ್ಕೆ ಬೇಕಾದದ್ದು ಮಾತು, ವಿಶ್ರಾಂತಿ ಅಥವಾ ಒಬ್ಬ ಕಲ್ಯಾಣಮಿತ್ರ. ಆಸೆ ಬಂದದ್ದಕ್ಕೆ ನಿಮ್ಮನ್ನು ಬೈದುಕೊಳ್ಳಬೇಡಿ. ಬಂತು, ಇತ್ತು, ಹೋಯಿತು ಎಂದು ನೋಡಿದರೆ ಸಾಕು.

*ನೋಡಿಕೊಳ್ಳುವವರ ಐದು ಗುಣ*

ಅದೇ ಪ್ರಸಂಗದಲ್ಲಿ ಆರೈಕೆ ಮಾಡುವವರಿಗೂ ಐದು ಗುಣಗಳನ್ನು ಹೇಳಿದ್ದಾರೆ. ಔಷಧಿ ಸಿದ್ಧಪಡಿಸಿ ಕೊಡಲು ಬಲ್ಲವರಾಗುವುದು. ಹಿತ ಅಹಿತ ತಿಳಿದು, ಅಹಿತವಾದದ್ದನ್ನು ದೂರವಿಟ್ಟು ಹಿತವಾದದ್ದನ್ನು ತರುವುದು. ಲಾಭದ ಆಸೆಯಿಲ್ಲದೆ ಮೈತ್ರಿಯಿಂದ ಮಾಡುವುದು. ಮಲ, ಮೂತ್ರ, ವಾಂತಿಗೆ ಹೇಸದಿರುವುದು. ಆಗಾಗ ಧಮ್ಮದ ಮಾತಿನಿಂದ ರೋಗಿಯ ಮನಸ್ಸನ್ನು ಅರಳಿಸುವುದು.

ಇವುಗಳಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚು ತಪ್ಪುವುದು ಎರಡನೆಯದು. ನಮ್ಮ ಪ್ರೀತಿ ತಟ್ಟೆಯ ಮೂಲಕವೇ ಹರಿಯುವಂಥದ್ದು. “ಒಂದೇ ಒಂದು ಹೋಳಿಗೆ ತಿನ್ನಕ್ಕಾ, ಏನೂ ಆಗಲ್ಲ” ಎಂದು ಒತ್ತಾಯಿಸುವುದು, ಬೇಡವೆಂದರೆ ಮುನಿಸಿಕೊಳ್ಳುವುದು. ಬಂಧುಗಳೇ, ಇದು ಅಹಿತವನ್ನು ಹತ್ತಿರ ತರುವ ಕೆಲಸ. ನೋಡಲು ಹೋಗುವಾಗ ಸಿಹಿ ಪೊಟ್ಟಣ ಒಯ್ಯಬೇಡಿ. “ಎಷ್ಟು ಕೇಜಿ ಇಳಿದೆ?” ಎಂದು ಬಾಗಿಲಲ್ಲೇ ಕೇಳಬೇಡಿ. “ಇವತ್ತು ನಿದ್ದೆ ಬಂತಾ?” ಎಂದು ಕೇಳಿ. ಸಾಧ್ಯವಾದರೆ ಜೊತೆಗೆ ಹತ್ತು ನಿಮಿಷ ನಡೆಯಿರಿ. ಮನೆಯಲ್ಲಿ ಅಡುಗೆ ಮಾಡುವವರೇ ರೋಗಿಯಾದಾಗ ಇನ್ನೊಂದು ಕಷ್ಟವಿದೆ. ತಾನು ತಿನ್ನಲಾಗದ ಅಡುಗೆಯನ್ನು ತಾನೇ ಬೇಯಿಸಿ ಬಡಿಸಬೇಕು. ಗಂಡಸರೂ ಮಕ್ಕಳೂ ಈ ಕೆಲವು ವಾರವಾದರೂ ಒಲೆಯ ಮುಂದೆ ನಿಂತರೆ ಅದು ನಿಜವಾದ ದಾನ.

ಬಾಬಾಸಾಹೇಬರನ್ನು ನೆನೆಯೋಣ. ಸಕ್ಕರೆ ಕಾಯಿಲೆ ಅವರನ್ನು ಬಹಳ ಕಾಡಿತ್ತು. 1948ರಲ್ಲಿ ಅವರನ್ನು ಮದುವೆಯಾದ ವೈದ್ಯೆ ಸವಿತಾ ಅಂಬೇಡ್ಕರ್ ಅವರ ಪಥ್ಯ ಮತ್ತು ಔಷಧಿಯನ್ನು ನೋಡಿಕೊಂಡರು. ‘ಬುದ್ಧ ಮತ್ತು ಆತನ ಧಮ್ಮ’ ಕೃತಿಗಾಗಿ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಬಾಬಾಸಾಹೇಬರು, ತಮ್ಮ ಆಯುಸ್ಸು ಬೆಳೆದದ್ದು ಪತ್ನಿಯಿಂದ ಮತ್ತು ಡಾ. ಮಾಲ್ವಣಕರ್ ಅವರ ಚಿಕಿತ್ಸೆಯಿಂದ ಎಂದು ಕೃತಜ್ಞತೆ ಹೇಳಿದ್ದಾರೆ. ಅಷ್ಟು ದೊಡ್ಡ ಚೇತನ ತನಗೆ ಆರೈಕೆ ಬೇಕಾಯಿತೆಂದು ಹೇಳಲು ಹಿಂಜರಿಯಲಿಲ್ಲ. ಆ ಆರೈಕೆಯಿಂದ ಉಳಿದ ವರ್ಷಗಳಲ್ಲೇ ನಾಗಪುರದ ದೀಕ್ಷೆಯೂ ಆಯಿತು. ಒಂದು ದೇಹವನ್ನು ಜತನ ಮಾಡುವುದರಿಂದ ಎಷ್ಟು ಜನರಿಗೆ ಹಿತವಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ?

*ಇಂದಿನ ಸಂಕಲ್ಪ*

🌼 ಸುಧಾರಿಸಿಕೊಳ್ಳುತ್ತಿರುವವರು: ಇಂದು ಒಂದು ಊಟವನ್ನು ಟಿವಿ, ಮೊಬೈಲು ಇಲ್ಲದೆ, ಪ್ರತಿ ಚಮಚಕ್ಕೂ ಎಚ್ಚರವಿಟ್ಟು ಮುಗಿಸಿ. ಮುಚ್ಚಿಟ್ಟುಕೊಂಡ ಒಂದು ತೊಂದರೆಯನ್ನು ಮನೆಯವರಿಗೆ ಹೇಳಿ.

🌼 ನೋಡಿಕೊಳ್ಳುತ್ತಿರುವವರು: ಇಂದು ಒಂದು ಹೊತ್ತಾದರೂ ಬುದ್ಧಿಮಾತು ಹೇಳದೆ, ಅವರು ಹೇಳುವುದನ್ನು ಕೇಳಿ.

🌼 ಉಳಿದವರು: ಯಾರ ಮೈಯನ್ನೂ ನೋಡಿ ಹಾಸ್ಯ ಮಾಡದಿರಿ. ಸಮ್ಯಕ್ ವಾಚೆ ಅಲ್ಲಿಂದ ಶುರುವಾಗಲಿ.

ಇಲ್ಲಿ ಹೇಳಿದ ವೈದ್ಯಕೀಯ ವಿಷಯಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ವೈದ್ಯರು ಮತ್ತು ಆಹಾರ ತಜ್ಞರು ಬರೆದುಕೊಟ್ಟ ಪಟ್ಟಿಯೇ ನಿಮಗೆ ಪ್ರಮಾಣ.

ಗಾಯ ಮಾಯುತ್ತಿರುವ ಎಲ್ಲ ದೇಹಗಳೂ ಸ್ವಸ್ಥವಾಗಲಿ. ಅವರ ಪಕ್ಕದಲ್ಲಿ ನಿದ್ದೆಗೆಟ್ಟು ಕುಳಿತವರೆಲ್ಲರೂ ಸುಖವಾಗಿರಲಿ. ಹಸಿದವರಿಗೆ ಅನ್ನ ಸಿಗಲಿ, ಉಂಡವರಿಗೆ ಅಳತೆ ತಿಳಿಯಲಿ.

ಭವತು ಸಬ್ಬ ಮಂಗಲಂ 🙏
ಸಾಧು! ಸಾಧು! ಸಾಧು!

_ಅಗತ್ಯವಿರುವ ಒಬ್ಬರಿಗಾದರೂ ಇದನ್ನು ತಲುಪಿಸಿ. ನಾಳೆ ಬೆಳಗ್ಗೆ ಮತ್ತೆ ಸೇರೋಣ._